ನಮ್ಮ ಸಬ್ ಕೆಟ್ಟಿದೆ

ಕಾಫಿ ಹೂ ಬಿಟ್ಟು ಹದಿನೈದು ದಿನ ಕಳೆದಿತ್ತು. ಇನ್ನೊಂದು ಸಲ ನೀರು ಕೊಡದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಮಳೆ ಸುಳಿವಿಲ್ಲ. ಅದೇ ಹೊತ್ತಿಗೆ ಕೆರೆ ತುಂಬಿಸುವ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪು ಕೈ ಕೊಟ್ಟಿತು. ಅಷ್ಟುದ್ದದ ಹೆಸರು ಟೈಪ್ ಮಾಡಲು ಸೋಮಾರಿತನ. ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ: 'ನಮ್ಮ ಸಬ್ ಕೆಟ್ಟಿದೆ. ಯಾರ ಹತ್ರ ಆದ್ರೂ ಸ್ಪೇರ್ ಸಬ್ ಇದ್ರೆ ಬೇಗ ಕಳಿಸಿ.'

ಅರ್ಧ ಗಂಟೆಯಲ್ಲಿ ಪಕ್ಕದ ತೋಟದ ಹುಡುಗ ಹಾಕಿ ಸ್ಟಿಕ್ ಹಿಡಿದು ಅಂಗಳದಲ್ಲಿ ಹಾಜರ್. 'ನಿಮ್ಮದೂ ಟೀಮ್ ಇದೆ ಅಂತ ಗೊತ್ತೇ ಇರ್ಲಿಲ್ಲ ಅಂಕಲ್!'

ಅವನ ತಪ್ಪಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ನಮ್ಮ ಕೊಡಗಿನ ಕರಡ ಊರಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಮೇಲೆ, ಬೇಸಿಗೆಯಲ್ಲಿ ಇಲ್ಲಿ ಸಬ್ ಅಂದರೆ ಬೆಂಚಿನ ಮೇಲೆ ಕೂತು ಕಾಯುವ ಆಟಗಾರ, ಸಬ್‌ಸ್ಟಿಟ್ಯೂಟ್. ಅಷ್ಟರಲ್ಲಿ ಬೆಂಗಳೂರಿನಿಂದ ಬರುತ್ತಿದ್ದ ತಂಗಿ ಮಗಳ ಫೋನು: 'ಮಾವ, ಮಡಿಕೇರಿಯಲ್ಲಿದ್ದೀನಿ. ಅಮ್ಮ ಹೇಳಿದ್ಲು, ನಿಮಗೆ ಸಬ್ ಬೇಕಂತೆ. ವೆಜ್ಜಾ, ಚಿಕನ್ನಾ?' ಅವಳ ಸಬ್ ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್. ಚಿಕನ್ ಅಂದೆ. ನೀರಿಲ್ಲದಿದ್ದರೂ ಹಸಿವಿರುತ್ತದೆ ಅಲ್ವಾ?

ಮೆಕ್ಯಾನಿಕ್ ಬರುವ ತನಕ ಡಿಕ್ಷನರಿ ತೆಗೆದು ಕೂತೆ. ಸಬ್ ಎಂದರೆ ಲ್ಯಾಟಿನ್ನಿನಲ್ಲಿ 'ಕೆಳಗೆ'. ಕಡಲ ಕೆಳಗೆ ಹೋಗುವುದು ಸಬ್‌ಮರೀನ್. ಸ್ಯಾಂಡ್‌ವಿಚ್ಚಿಗೆ ಆ ಹೆಸರು ಬಂದದ್ದು ಅದರ ಆಕಾರ ನೋಡಿ. ನಮ್ಮ ಪಂಪಿನ ಹೆಸರಿನಲ್ಲಿರುವುದು ಮುಳುಗುವುದು ಎಂಬ ಅರ್ಥ. ಅದು ಮುಳುಗಲೇಬೇಕು. ಮೇಲೆ ಕೂತ ಪಂಪು ಎಷ್ಟೇ ಹೀರಿದರೂ ಸುಮಾರು 10 ಮೀಟರ್ ಆಳಕ್ಕಿಂತ ಕೆಳಗಿನ ನೀರು ಮೇಲೆ ಬಾರದು. ಗಾಳಿಯ ಒತ್ತಡಕ್ಕಿರುವ ತಾಕತ್ತೇ ಅಷ್ಟು. ಅದಕ್ಕೇ ಇದು ಬುಡದಲ್ಲಿ ಕೂತು ನೀರನ್ನು ಮೇಲಕ್ಕೆ ತಳ್ಳುತ್ತದೆ. ಕೆಟ್ಟಾಗ ಮಾತ್ರ ನಾವು ಅದನ್ನು ಮೇಲಕ್ಕೆ ಎಳೆಯಬೇಕು.

ಸಂಜೆಗೆ ಮೆಕ್ಯಾನಿಕ್ ಬಂದ. ಅವನ ಹೆಲ್ಪರ್ ಬರಲಿಲ್ಲ. ಹಾಕಿ ಹುಡುಗ ಸ್ಟಿಕ್ ಗೋಡೆಗೆ ಒರಗಿಸಿ, 'ನಾನಿದ್ದೀನಲ್ಲ ಅಂಕಲ್' ಅಂತ ಚೈನ್ ಪುಲ್ಲಿಗೆ ಕೈ ಹಾಕಿದ. ಒಂದೊಂದೇ ಪೈಪು ಮೇಲೆ ಬಂತು. ನಾನು ಟಾರ್ಚ್ ಹಿಡಿದಿದ್ದೆ. ಆ ಕೆಲಸದಲ್ಲಿ ನಾನು ಎತ್ತಿದ ಕೈ.

ಮೋಟಾರಿನ ವೈಂಡಿಂಗ್ ಸುಟ್ಟಿತ್ತು. ಮೆಕ್ಯಾನಿಕ್ ತಲೆ ಕೆರೆದುಕೊಂಡ. 'ಸಾರ್, ಸ್ವಲ್ಪ ಅಡ್ವಾನ್ಸ್ ಕೊಟ್ಟಿದ್ರೆ...'

ನಗು ತಡೆಯಲಾಗಲಿಲ್ಲ. ಇಂಗ್ಲೆಂಡಿನ ಕೂಲಿಕಾರರು ಸಂಬಳಕ್ಕೆ ಮೊದಲೇ ಕೈಗಡ ಕೇಳಿದರೆ ಅದಕ್ಕೂ ಸಬ್ ಅನ್ನುತ್ತಿದ್ದರಂತೆ, ಹೊಟ್ಟೆಪಾಡಿನ ದುಡ್ಡು ಎಂಬ ಅರ್ಥದ ಸಬ್‌ಸಿಸ್ಟೆನ್ಸ್‌ನಿಂದ. ಮಧ್ಯಾಹ್ನವಷ್ಟೇ ಓದಿದ್ದೆ.

'ಯಾಕೆ ಸಾರ್ ನಗ್ತೀರಿ?' ಅಂದ.

'ಏನಿಲ್ಲ ಮಾರಾಯ, ಇದೊಂದು ಸಬ್ ಬಾಕಿ ಇತ್ತು' ಅಂತ ಪರ್ಸ್ ತೆಗೆದೆ.