ಅಕ್ಕಾ, ಇದ್ದೀಯಾ?

ನಮ್ಮಕ್ಕನ ಮೊಮ್ಮಗನಿಗೆ ಹನ್ನೆರಡು ವರ್ಷ. ಐವತ್ತೈದಕ್ಕೇ ನನ್ನನ್ನು ತಾತ ಅನ್ನುತ್ತಾನೆ, ಅದಿರಲಿ. ಮೊನ್ನೆ ಮೈಸೂರಿಗೆ ಹೋಗಿದ್ದಾಗ ರಾತ್ರಿ ಅವನ ಜೊತೆ ಟಿವಿಯಲ್ಲಿ ಹೊಸದೊಂದು ದೆವ್ವದ ಸಿನಿಮಾ ನೋಡಲು ಕೂತೆ. ರಿಮೋಟ್ ಅವನ ಕೈಯಲ್ಲೇ ಇತ್ತು. ನಾಯಕಿ ಹಳೇ ಬಂಗಲೆಯ ಬೀರುವಿಗೆ ಕೈ ಹಾಕಿದ್ದೇ ತಡ, ಟಕ್ಕಂತ ಸೌಂಡ್ ಬಂದ್ ಮಾಡಿದ.

"ಯಾಕೋ?"

"ಈಗ ದೆವ್ವ ಬರತ್ತೆ ತಾತ. ಮ್ಯೂಟ್ ಮಾಡಿದ್ರೆ ಏನೂ ಆಗಲ್ಲ."

ಬಂತು. ನಿಜಕ್ಕೂ ಏನೂ ಆಗಲಿಲ್ಲ. ಕೂದಲು ಕೆದರಿಕೊಂಡು ಬಾಯಿ ತೆರೆದು ನಿಂತ ಆ ಹೆಂಗಸು, ಕೊನೇ ಬಸ್ಸು ತಪ್ಪಿಹೋಗಿ ಕಂಡಕ್ಟರನ್ನು ಕೂಗುತ್ತಿರುವವಳ ಹಾಗೆ ಕಂಡಳು. ಪಾಪ ಅನ್ನಿಸಿತು.

ಈಗಿನ ದೆವ್ವದ ಸಿನಿಮಾಗಳಲ್ಲಿ ಏನೂ ಇಲ್ಲ ಎಂದು ನನ್ನ ವಯಸ್ಸಿನವರು ಹೇಳುತ್ತಲೇ ಇರುತ್ತಾರೆ. ಟೊಮೆಟೊ, ಕಾಫಿ ಪುಡಿ, ಮಳೆಗಾಲದ ಬಗ್ಗೆಯೂ ನಾವು ಅದನ್ನೇ ಹೇಳುತ್ತೇವಾದ್ದರಿಂದ ನಾನು ಪೂರ್ತಿ ನಂಬುವುದಿಲ್ಲ. ಆದರೆ ಹುಡುಗನ ಮ್ಯೂಟ್ ಪರೀಕ್ಷೆಗೆ ಮಾತ್ರ ನನ್ನ ಬಳಿ ಉತ್ತರ ಇರಲಿಲ್ಲ.

ನಾನು ಹೆದರುವುದನ್ನು ಕಲಿತದ್ದು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ, ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು. 1979ರ 'ನಾ ನಿನ್ನ ಬಿಡಲಾರೆ' ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಎರಡು ವರ್ಷ ಹಳೆಯದಾಗಿತ್ತು. ರೀಲಿನ ತುಂಬಾ ಗೀರು. ಬಿಸಿಲಿನ ಸೀನಿನಲ್ಲೂ ಜಡಿಮಳೆ. ಅನಂತನಾಗ್ ಮೈಮೇಲೆ ಕಾಮಿನಿ ಬರುತ್ತಾಳಲ್ಲ, ಅಷ್ಟು ಚೆಂದದ ಮನುಷ್ಯ ನೋಡನೋಡುತ್ತಾ ಬೇರೆ ಯಾರೋ ಆಗಿಬಿಡುತ್ತಾನಲ್ಲ, ಅಲ್ಲಿ ನಾನು ಅಮ್ಮನ ಸೆರಗಿನೊಳಗೆ ಹೋದವನು ಮಂತ್ರಾಲಯ ಬರುವ ತನಕ ಹೊರಗೆ ಬರಲಿಲ್ಲ. ತೆರೆಯ ಮೇಲಿನವರನ್ನು ರಾಯರು ಕಾಪಾಡಿದರು, ಸರಿ. ನಮ್ಮನ್ನು? ಸೆಕೆಂಡ್ ಶೋ ಬಿಟ್ಟ ಮೇಲೆ ತೋಟದ ದಾರಿಯಲ್ಲಿ ಮುಕ್ಕಾಲು ಮೈಲಿ ನಡೆಯಬೇಕು. ಎಲ್ಲರಿಗೂ ಸೇರಿ ಒಂದು ಬ್ಯಾಟರಿ, ಅದೂ ಎಲ್ಲರಿಗಿಂತ ಮುಂದೆ ಹೋಗುವ ಅಪ್ಪನ ಕೈಯಲ್ಲಿ. ಕತ್ತಲಲ್ಲಿ ಒಣಗಿದ ತೆಂಗಿನ ಗರಿಯೊಂದು ದಪ್ಪಂತ ಬಿತ್ತು. ಯಾವ ಡಾಲ್ಬಿಯೂ ಅದಕ್ಕೆ ಸಾಟಿಯಿಲ್ಲ.

ಇನ್ನೂ ಒಂದು ಬಾಕಿ ಇತ್ತು. ನಮ್ಮ ಕಕ್ಕಸು ಹಿತ್ತಿಲ ಆ ತುದಿಗೆ, ಹುಣಸೆಮರದ ಪಕ್ಕಕ್ಕೆ. ರಾತ್ರಿ ಹೋಗಬೇಕೆಂದರೆ ಅಕ್ಕ ಲಾಟೀನು ಹಿಡಿದು ಹೊರಗೆ ನಿಲ್ಲಬೇಕು. ಅದಕ್ಕೆ ಅವಳ ಫೀಸು ನನ್ನ ಪಾಲಿನ ಕೊಬ್ಬರಿ ಮಿಠಾಯಿ. ಒಳಗಿನಿಂದ ನಾನು ಕೇಳುತ್ತಲೇ ಇರುತ್ತಿದ್ದೆ.

"ಅಕ್ಕಾ, ಇದ್ದೀಯಾ?"

"ಇದ್ದೀನಿ."

"ಅಕ್ಕಾ, ಇದ್ದೀಯಾ?"

"ಇದ್ದೀನಿ ಕಣೋ, ಬೇಗ ಬಾ."

ಆ ರಾತ್ರಿ ಮೂರನೇ ಸಲ ಕೇಳಿದಾಗ ಉತ್ತರ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಲಾಟೀನಿನ ಬೆಳಕು ಹಾಗೇ ಇದೆ. ಅಕ್ಕ ಇಲ್ಲ. ಕಿರುಚಾಟ, ಗೆಜ್ಜೆ ಸದ್ದು, ನಾಯಿ ಊಳಿಡುವುದು, ಏನೆಂದರೆ ಏನೂ ಇಲ್ಲ. ಅವಳು ಮರದ ಹಿಂದೆ ದಾವಣಿಯ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು ಎನ್ನುವುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನನಗೆ ಜ್ವರ ಬಂದಿತ್ತು. ಅಕ್ಕನಿಗೆ ಅಪ್ಪನಿಂದ ಎರಡು ಏಟು ಬಿದ್ದಿತ್ತು.

ಈ ಗುಟ್ಟು ಸಿನಿಮಾದವರಲ್ಲಿ ಕೆಲವರಿಗೆ ಗೊತ್ತು. ಹಾಲಿವುಡ್ ನಿರ್ದೇಶಕ ಸ್ಪೀಲ್‌ಬರ್ಗ್‌ಗೆ ಗೊತ್ತಾದದ್ದು ಗ್ರಹಚಾರದಿಂದ. 1975ರ 'ಜಾಸ್'ಗಾಗಿ ಮಾಡಿಸಿದ ಯಂತ್ರದ ಶಾರ್ಕು ಸಮುದ್ರದ ನೀರಿಗೆ ಇಳಿದಾಗಲೆಲ್ಲ ಕೆಟ್ಟು ಕೂರುತ್ತಿತ್ತು. ಬೇರೆ ದಾರಿ ಕಾಣದೆ ಬರೀ ನೀರನ್ನೂ, ತೇಲುವ ಪೀಪಾಯಿಗಳನ್ನೂ ತೋರಿಸಿದರು. ಜನ ನೀರಿಗೇ ಹೆದರಿದರು. ನಮ್ಮ 'ಆಪ್ತಮಿತ್ರ'ದಲ್ಲಿ ಡಾಕ್ಟರು ಬಂದು ಇದು ಮನಸ್ಸಿನ ಕಾಯಿಲೆ ಎಂದು ಬಿಡಿಸಿ ಹೇಳಿದ ಮೇಲೂ ನಾಗವಲ್ಲಿಯ ಕಣ್ಣು ಕಂಡರೆ ಥಿಯೇಟರ್ ತಣ್ಣಗಾಗುತ್ತಿತ್ತು. 2004ರಲ್ಲಿ ಅದು ತೆರೆಗೆ ಬರುವ ಹೊತ್ತಿಗೆ ನಾಗವಲ್ಲಿಯಾಗಿದ್ದ ನಟಿ ಸೌಂದರ್ಯ ಬದುಕಿರಲೇ ಇಲ್ಲ. ತೆರೆಯ ಮೇಲೆ ಅವರು ನಕ್ಕರೂ ಎದೆ ಝಲ್ಲೆನ್ನುತ್ತಿತ್ತು.

ಇನ್ನು ಬೆಂಗಳೂರಿನ 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಯಾರೋ ಹಬ್ಬಿಸಿದ ಮಾತು. ರಾತ್ರಿ ಬಾಗಿಲು ತಟ್ಟುವ ದೆವ್ವ, ಬಾಗಿಲ ಮೇಲೆ ಬರೆದದ್ದನ್ನು ಓದಿಕೊಂಡು ಮರ್ಯಾದೆಯಿಂದ ವಾಪಸ್ ಹೋಗುತ್ತದೆ. ಮಾರನೇ ದಿನ ಬಂದು ಮತ್ತೆ ಓದುತ್ತದೆ. ಖರ್ಚು ಒಂದು ಸೀಮೆಸುಣ್ಣ. 2018ರಲ್ಲಿ ಹಿಂದಿಯ 'ಸ್ತ್ರೀ' ಇದೇ ಎಳೆ ಹಿಡಿದು ಜನರನ್ನು ಚೆನ್ನಾಗಿ ನಗಿಸಿತು. ನಾನೂ ನಕ್ಕೆ. ಕನ್ನಡ ಓದಲು ಬರುವ ಏಕೈಕ ದೆವ್ವವೂ ಕೈತಪ್ಪಿತಲ್ಲ ಎಂದು ಸ್ವಲ್ಪ ಬೇಜಾರೂ ಆಯಿತು.

ಹಾಗಂತ ಆಗಿನವೆಲ್ಲ ಚೆನ್ನಾಗಿದ್ದವಾ? ಎಲ್ಲಿ! ಬಿಳಿ ಸೀರೆ, ಕಟ್ಟಿಗೆ ಒಲೆಯಂಥ ಹೊಗೆ, ಎರಡು ರೂಪಾಯಿ ಮುಖವಾಡ. ಅಂಥವು ಮರೆತುಹೋಗಿವೆ, ಅಷ್ಟೇ. ಧಡಾರ್ ಎಂದು ಬೆಚ್ಚಿಬೀಳಿಸುವುದೂ ಈಗಿನವರ ಸೃಷ್ಟಿಯಲ್ಲ. 1942ರ 'ಕ್ಯಾಟ್ ಪೀಪಲ್'ನಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಾಳೆ. ಹಿಂದೆ ಇನ್ನೊಬ್ಬಳ ಹೆಜ್ಜೆ ಸದ್ದು. ಆಮೇಲೆ ಆ ಸದ್ದೂ ನಿಲ್ಲುತ್ತದೆ. ಇನ್ನೇನು ಎನ್ನುವಾಗ ಬುಸ್ ಅಂತ ಬಂದು ನಿಲ್ಲುತ್ತದೆ, ಒಂದು ಬಸ್ಸು! ಅವರು ಅಷ್ಟು ಹೊತ್ತು ನಮ್ಮನ್ನು ಕಾಯಿಸಿ ಒಂದು ಸಲ ಬೆಚ್ಚಿಬೀಳಿಸಿದರು. ಈಗಿನ ಬಹುಪಾಲು ಸಿನಿಮಾಗಳಲ್ಲಿ ಹುಳಿಯೇ ಇಲ್ಲ, ಬರೀ ಒಗ್ಗರಣೆ ತಂದು ಬಡಿಸುತ್ತಾರೆ. ಚಟಪಟ ಜಾಸ್ತಿ, ಅನ್ನಕ್ಕೆ ಕಲಸಲು ಏನೂ ಇಲ್ಲ. 'ತುಂಬಾಡ್'ನಂಥದ್ದು ಯಾವಾಗಲೋ ಒಂದು. ಅದನ್ನು ಹುಡುಗನಿಗೆ ಮ್ಯೂಟ್ ಮಾಡಿಯೇ ತೋರಿಸಿದೆ. ಎದ್ದು ಬಂದು ನನ್ನ ಪಕ್ಕ ಕೂತ.

ಅವನು ಮಲಗಿದ ಮೇಲೆ ಅಕ್ಕ ಅಡುಗೆಮನೆಯಲ್ಲಿ ನಾಳೆಗೆಂದು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಸ್ಟೀಲ್ ಪಾತ್ರೆಗೆ ಕಾಳು ಟಣ್ ಟಣ್ ಬೀಳುತ್ತಿತ್ತು. ನಾನು ಬಾತ್‌ರೂಮಿನ ಒಳಗಿನಿಂದ ತಮಾಷೆಗೆ ಕೂಗಿದೆ, "ಅಕ್ಕಾ, ಇದ್ದೀಯಾ?"

"ಇದ್ದೀನಿ ಕಣೋ," ಅಂದಳು. ದನಿಯಲ್ಲಿ ನಗು ಇತ್ತು.

ಇನ್ನೊಂದು ಸಲ ಕೂಗಿದೆ. ಕಾಳು ಬೀಳುವ ಸದ್ದು ನಿಂತಿತು. ಲೈಟೇನೋ ಉರಿಯುತ್ತಿತ್ತು. ಎಕ್ಸಾಸ್ಟ್ ಫ್ಯಾನೂ ತಿರುಗುತ್ತಿತ್ತು. ಮೂರನೇ ಸಲ ಸ್ವಲ್ಪ ಜೋರಾಗಿಯೇ ಕೂಗಿದೆ.