ಸತ್ಯಾಂಶ: ಮೊಟ್ಟೆಯ ಟ್ರೇ ಮಳೆಯ ಸದ್ದನ್ನು ತಡೆಯುವುದಿಲ್ಲ

ಕೋಣೆಯ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದರೆ ಹೊರಗಿನ ಸದ್ದು ಒಳಬಾರದೆ ಮನೆಯೇ ಸ್ಟುಡಿಯೊ ಆಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಇದು ನಿಜವಲ್ಲ.

ಸದ್ದನ್ನು ತಡೆಯಲು ತೂಕವೂ ಸಂದಿಯಿಲ್ಲದ ಮುಚ್ಚಿಕೆಯೂ ಬೇಕು. ಕಾಗದದ ತಿರುಳಿನ ಹಗುರ ಟ್ರೇಗೆ ಇವೆರಡೂ ಇಲ್ಲ. ಕೋಣೆಯೊಳಗಿನ ಪ್ರತಿಧ್ವನಿಯಲ್ಲಿ ಕೀರಲು ಅಂಶವನ್ನು ಅದು ಒಂದಿಷ್ಟು ತಗ್ಗಿಸಬಹುದು. ಆದರೆ 100 ಹರ್ಟ್ಸ್‌ನ ಮಂದ್ರ ಧ್ವನಿಯ ತರಂಗವೇ ಸುಮಾರು 3.4 ಮೀಟರ್ ಉದ್ದವಿರುವುದರಿಂದ, ಕೆಲವೇ ಸೆಂಟಿಮೀಟರ್ ಆಳದ ಟ್ರೇ ಅದಕ್ಕೆ ಅಡ್ಡಿಯೇ ಅಲ್ಲ. ಕೊಡಗಿನ ಮಳೆಗಾಲದಲ್ಲಿ ಸದ್ದು ಮುಖ್ಯವಾಗಿ ಬರುವುದು ಶೀಟಿನ ಮಾಡಿನಿಂದ. ಗೋಡೆಗೆ ಏನು ಅಂಟಿಸಿದರೂ ಅದು ನಿಲ್ಲದು. ಮೇಲಾಗಿ, ಈ ಟ್ರೇಗಳು ಇಲ್ಲಿನ ತೇವಕ್ಕೆ ಬೂಷ್ಟು ಹಿಡಿಯುತ್ತವೆ, ಕಿಡಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತವೆ. ವಿದ್ಯುತ್ ಉಪಕರಣಗಳಿರುವ ಕೋಣೆಯಲ್ಲಿ ಇದು ನಿಜಕ್ಕೂ ಅಪಾಯಕರ.

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕಾದರೆ, ಮಳೆ ಬಿಡುವು ಕೊಟ್ಟಾಗ, ಮುಂಭಾಗದ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕನ್ನು ಬಾಯಿಯಿಂದ ಸುಮಾರು 15 ಸೆಂಟಿಮೀಟರ್ ದೂರದಲ್ಲಿಟ್ಟು, ಹಾಡುವವರ ಬೆನ್ನ ಹಿಂದೆ ದಪ್ಪ ರಜಾಯಿಗಳನ್ನು ತೂಗುಹಾಕಿ ಹಾಡಿಸುವುದು ಹೆಚ್ಚು ಫಲಕಾರಿ. ಮೈಕಿನ ಅಂತರ ಅರ್ಧವಾದರೆ ನೇರ ಧ್ವನಿಯ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ. ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ. ಹಾಡಿನೊಂದಿಗೆ ಬಾರಿಸುವ ಪುಟ್ಟ ಚರ್ಮವಾದ್ಯವಾದ ದುಡಿಯ ಪೆಟ್ಟು ತೀಕ್ಷ್ಣವಾದುದರಿಂದ ಅದಕ್ಕೆ ಮಾತ್ರ ಮೈಕನ್ನು ದೂರವಿಟ್ಟು, ರೆಕಾರ್ಡಿಂಗ್ ಮಟ್ಟವನ್ನು ತಗ್ಗಿಸಬೇಕು. ಸ್ಟುಡಿಯೊಗಳಲ್ಲಿ ಬಳಸುವ ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ತೇವಕ್ಕೆ ಬೇಗ ಕೆಡುವುದರಿಂದ, ಕೆಲಸ ಮುಗಿದ ಮೇಲೆ ಅದನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇರಿಸಬೇಕು.