ಬೀಗ ಹಾಕಿದ ಐದು ವರ್ಷ

ಅಮೆರಿಕದ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಇಟ್ಟ ಕಥೆ ಹೇಳುವಾಗ ಎಲ್ಲರೂ 1954ರ ಬ್ರೌನ್ ತೀರ್ಪಿಗೆ ಬಂದು ನಿಲ್ಲಿಸುತ್ತಾರೆ. ಸುಪ್ರೀಂ ಕೋರ್ಟ್ ತಪ್ಪು ಅಂದಿತು, ಅಲ್ಲಿಗೆ ಎಲ್ಲ ಸರಿಹೋಯಿತು ಅನ್ನೋ ಹಾಗೆ. ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬಗ್ಗೆ ಓದಿದ ಮೇಲೆ ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಅಲ್ಲಿನ ಫಾರ್ಮ್‌ವಿಲ್ ಊರಲ್ಲಿ ಕಪ್ಪು ಮಕ್ಕಳಿಗೆ ಅಂತ ಮೋಟನ್ ಹೈಸ್ಕೂಲ್ ಇತ್ತು. ಕಟ್ಟಿದ್ದು 180 ಮಕ್ಕಳಿಗೆ. 1951ರ ಹೊತ್ತಿಗೆ ಓದುತ್ತಿದ್ದವರು 450ಕ್ಕೂ ಜಾಸ್ತಿ. ಜಾಗ ಸಾಲದ್ದಕ್ಕೆ ಅಂಗಳದಲ್ಲಿ ಟಾರು ಕಾಗದ ಹೊದಿಸಿದ ಶೆಡ್‌ಗಳನ್ನು ಹಾಕಿಕೊಟ್ಟರು. ಮಳೆ ಬಂದರೆ ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆ ಪಕ್ಕ ಕೂತವರು ಬೆವರುತ್ತಿದ್ದರು, ದೂರ ಕೂತವರು ಕೋಟು ಬಿಚ್ಚದೆ ಪಾಠ ಕೇಳುತ್ತಿದ್ದರು.

ಆ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16ರ ಹುಡುಗಿ ಇಡೀ ಶಾಲೆಯನ್ನೇ ಮುಷ್ಕರಕ್ಕೆ ಎಬ್ಬಿಸಿದಳು. ಅವರು ಮೊದಲು ಕೇಳಿದ್ದು ಒಂದು ಒಳ್ಳೆಯ ಕಟ್ಟಡ, ಅಷ್ಟೇ. ಬೇರೆ ಶಾಲೆ ಅನ್ನೋದನ್ನೇ ಪ್ರಶ್ನಿಸುವುದಾದರೆ ಕೇಸ್ ಹಾಕುತ್ತೇವೆ ಅಂದರು ಅವರ ನೆರವಿಗೆ ಬಂದ ವಕೀಲರು. ಮಕ್ಕಳು ಒಪ್ಪಿದರು. ಬ್ರೌನ್ ತೀರ್ಪಿನಲ್ಲಿ ಸೇರಿದ ಐದು ಕೇಸುಗಳಲ್ಲಿ ಇದೂ ಒಂದು.

ಗೆದ್ದರು. ಆದರೆ ಯಾವಾಗಿನಿಂದ ಜಾರಿ ಅಂತ ಕೋರ್ಟ್ ಗಡುವು ಕೊಡಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ದೊಡ್ಡವರು ವರ್ಷಗಟ್ಟಲೆ ವಾದ ಮಾಡುತ್ತಾ ಕೂರಬಹುದು, ಏಳು ವರ್ಷದ ಮಗುವಿನ ವಯಸ್ಸು ಅಲ್ಲೇ ನಿಂತಿರುತ್ತಾ?

ಕೊನೆಗೆ 1959ರಲ್ಲಿ, ಇನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂದಾಗ, ಕೌಂಟಿಯ ಬಿಳಿಯ ಅಧಿಕಾರಸ್ಥರು ಸರ್ಕಾರಿ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿದರು. ಎಲ್ಲ ಶಾಲೆಗೂ ಬೀಗ. ಬಿಳಿಯ ಮಕ್ಕಳಿಗೆ ಕೂಡಲೇ ಖಾಸಗಿ ಶಾಲೆ ತೆರೆಯಿತು, ಮುಂದೆ ಅದರ ಫೀಸಿಗೆ ಸಾರ್ವಜನಿಕ ಹಣವೂ ಹೋಯಿತು. ಕಪ್ಪು ಮಕ್ಕಳಲ್ಲಿ ಕೆಲವರನ್ನು ದೂರದ ನೆಂಟರ ಮನೆಗೆ ಕಳಿಸಿದರು. ಕೆಲವರಿಗೆ ಚರ್ಚಿನಲ್ಲಿ ಒಂದಿಷ್ಟು ಪಾಠ ಸಿಕ್ಕಿತು. ಎಷ್ಟೋ ಮಕ್ಕಳಿಗೆ ಏನೂ ಇಲ್ಲ. 1963ರಲ್ಲಿ ದೇಣಿಗೆ ಹಣದಿಂದ ಉಚಿತ ಶಾಲೆ ತೆರೆದಾಗ, ಆರಕ್ಕೆ ಒಂದನೇ ತರಗತಿ ಸೇರಬೇಕಿದ್ದವರಿಗೆ ಹತ್ತಾಗಿತ್ತು. ಸರ್ಕಾರಿ ಶಾಲೆಗಳ ಬೀಗ ತೆಗೆಸಲು 1964ರಲ್ಲಿ ಮತ್ತೆ ಸುಪ್ರೀಂ ಕೋರ್ಟೇ ಬರಬೇಕಾಯಿತು.

ದ್ವೇಷ ಅಂದರೆ ಕೂಗಾಟ, ಕಲ್ಲು ತೂರಾಟ ಅಂದುಕೊಂಡಿದ್ದೆ. ಇಲ್ಲಿ ಅದು ಬಜೆಟ್ ಸಭೆಯಲ್ಲಿ ಕೈ ಎತ್ತಿತು.

ಆಗ ಓದು ತಪ್ಪಿದವರಿಗೆ 2003ರಲ್ಲಿ ಗೌರವ ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದವರಿಗೆ ಕೊಡುವ ಪತ್ರವನ್ನು ಗೌರವಾರ್ಥವಾಗಿ ಕೊಟ್ಟರು. 1959ರಲ್ಲಿ ಹೈಸ್ಕೂಲಿನ ಕೊನೇ ವರ್ಷಕ್ಕೆ ಕಾಲಿಡಬೇಕಿದ್ದವರಿಗೆ ಆ ಹೊತ್ತಿಗೆ ಅರವತ್ತು ದಾಟಿತ್ತು.